ಇಬ್ಬರು ಗೈಡುಗಳು

ಎಂಟು ಗಂಟೆಗೆ ಹೋಟೆಲಿನ ಬಾಗಿಲಲ್ಲಿ ನಿಂತಿರಿ ಅಂದಿದ್ದರು. ನನ್ನ ಫೋನಿನಲ್ಲಿ ಏಳೂ ಮುಕ್ಕಾಲು, ಹಾಗಾಗಿ ಆರಾಮಾಗಿ ಚಹಾ ಕುಡಿಯುತ್ತ ಕೂತಿದ್ದೆ. ನೇಪಾಳದ ಗಡಿಯಾರ ನಮ್ಮದಕ್ಕಿಂತ ಹದಿನೈದು ನಿಮಿಷ ಮುಂದೆ ಎನ್ನುವುದು ಮೂರು ದಿನದಿಂದ ಗೊತ್ತಿದ್ದರೂ, ಅಲ್ಲಿನ ಸಿಮ್ ಹಾಕದ ನನ್ನ ಫೋನು ಹಠ ಹಿಡಿದು ಭಾರತದಲ್ಲೇ ಇತ್ತು. ಹೊರಗೆ ವ್ಯಾನು ಹಾರ್ನ್ ಮಾಡಿದಾಗಲೇ ಅಣ್ಣನ ವಾಟ್ಸ್ಆ್ಯಪ್ ಬಂತು.

‘ಮರದ ವ್ಯಾಪಾರಿ ಮನೆ ನೋಡಿ ಹೋದ. ಜಗುಲಿಯ ಆರು ಕಂಬ, ಹೆಬ್ಬಾಗಿಲು, ಎರಡು ಕಿಟಕಿ ಒಟ್ಟಿಗೆ ಕೇಳ್ತಿದಾನೆ. ಯಾವುದೋ ರೆಸಾರ್ಟಿಗಂತೆ. ನೀನೂ ಹೂಂ ಅನ್ಬೇಕು ಮಾರಾಯ್ತಿ. ಸಂಜೆಯೊಳಗೆ ಹೇಳು.’

ತೀರ್ಥಹಳ್ಳಿ ಹತ್ತಿರದ ನಮ್ಮ ಅಜ್ಜನ ಮನೆಯ ವಿಷಯ ಅದು. ಅಜ್ಜಿ ಹೋದಮೇಲೆ ಅಲ್ಲಿ ಯಾರೂ ಇಲ್ಲ. ‘ಬೇಡ. ಅದು ನಮ್ಮ ಮನೆ’ ಎಂದು ಟೈಪ್ ಮಾಡಿದೆ. ಕಳಿಸುವ ಮೊದಲೇ ವೈಫೈ ದಾಟಿ ವ್ಯಾನಿನೊಳಗೆ ಬಂದುಬಿಟ್ಟಿದ್ದೆ. ಆ ಎರಡು ವಾಕ್ಯ ದಿನವಿಡೀ ಫೋನಿನಲ್ಲಿ ಹಾಗೇ ಕೂತಿದ್ದವು.

ವ್ಯಾನಿನಲ್ಲಿ ಏಳು ಜನ. ಪುಣೆಯ ನಿವೃತ್ತ ದಂಪತಿ, ಅವರ ಮಗಳು, ಒಬ್ಬ ಬಂಗಾಳಿ ಮೇಷ್ಟರು, ಸ್ಪೇನಿನ ಇಬ್ಬರು ಹುಡುಗಿಯರು, ನಾನು. ಮುಂದಿನ ಸೀಟಿನಲ್ಲಿ ಐವತ್ತು ದಾಟಿದ, ತಲೆಗೆ ಢಾಕಾ ಟೋಪಿ ಹಾಕಿದ ಗೈಡು. ಭಕ್ತಪುರದ ನೇವಾರರು. ‘ದಾಯಿ ಅಂತ ಕರೀರಿ, ಇಲ್ಲಿ ಅಣ್ಣನಿಗೆ ಹಾಗೆ ಅಂತಾರೆ’ ಎಂದು ಹಿಂದಿಯಲ್ಲಿ ಹೇಳಿದರು. ಪಿಎಚ್.ಡಿ. ಮಾಡುವವರ ಪಾಲಿಗೆ ‘ಗೈಡ್’ ಅಂದರೆ ಬೇರೆಯೇ ವ್ಯಕ್ತಿ, ಫೋನಿನಲ್ಲಿ ಹೆಸರು ಕಂಡರೆ ಎದೆ ಒಮ್ಮೆ ಧಸಕ್ಕೆನ್ನುತ್ತದೆ. ಆ ದಿನ ನನಗೆ ಇಬ್ಬರು. ಒಬ್ಬರು ವ್ಯಾನಿನ ಮುಂದಿನ ಸೀಟಿನಲ್ಲಿ, ಇನ್ನೊಬ್ಬರು ನನ್ನ ಬ್ಯಾಗಿನಲ್ಲಿ, ಮೂರನೇ ಅಧ್ಯಾಯದ ಕರಡಿನ ಅಂಚಿನಲ್ಲಿ ಬರೆದ ಕೆಂಪು ಅಕ್ಷರಗಳಾಗಿ.

ನನ್ನ ಸಂಶೋಧನೆ ‘ಕರ್ಣಾಟ’ ಎಂಬ ಹೆಸರಿನ ಬಗ್ಗೆ. ಕರ್ನಾಟಕದೊಳಗಿನ ಹೆಸರಲ್ಲ, ಅದರಿಂದ ಬಲು ದೂರದಲ್ಲಿ, ತಾವು ಆ ಮೂಲದವರು ಎಂದು ಹೇಳಿಕೊಂಡ ಅರಸರ ಹೆಸರು. ಬಂಗಾಳದ ಸೇನರು ಹಾಗೆ ಹೇಳಿಕೊಂಡರು. 1097ರಲ್ಲಿ ಮಿಥಿಲೆಯಲ್ಲಿ ರಾಜ್ಯ ಕಟ್ಟಿದ ನಾನ್ಯದೇವನ ವಂಶಕ್ಕೆ ಹೆಸರೇ ಕರ್ಣಾಟ ವಂಶ. ಅವರ ರಾಜಧಾನಿ ಸಿಮ್ರೌನ್‌ಗಢ ಈಗ ನೇಪಾಳದ ತರಾಯಿಯಲ್ಲಿದೆ. ಕಲ್ಯಾಣದ ಚಾಲುಕ್ಯ ಆರನೇ ವಿಕ್ರಮಾದಿತ್ಯನ ಸೈನ್ಯಗಳು ಉತ್ತರಕ್ಕೆ ಹೋದಾಗ ಅಲ್ಲೇ ಉಳಿದುಕೊಂಡ ದಂಡನಾಯಕರ ಪೈಕಿ ಇವನೂ ಒಬ್ಬನಿರಬೇಕು ಎಂದು ಇತಿಹಾಸಕಾರರು ಊಹಿಸುತ್ತಾರೆ. ಮುಂದೆ ಕಠ್ಮಂಡು ಕಣಿವೆಯ ಮಲ್ಲ ಅರಸರು ತಮ್ಮ ವಂಶವನ್ನು ಈ ನಾನ್ಯದೇವನವರೆಗೆ ಒಯ್ದು ಕಟ್ಟಿದರು.

ಐದು ವರ್ಷದ ಹಿಂದೆ ಇದು ಗೊತ್ತಾದಾಗ ನನಗೆ ನಿದ್ದೆ ಬಂದಿರಲಿಲ್ಲ. ಹಿಮಾಲಯದ ಬುಡದಲ್ಲಿ ನಮ್ಮವರು! ಕರಡಿನಲ್ಲಿ ನಾನೊಂದು ವಾಕ್ಯ ಬರೆದಿದ್ದೆ: ‘ಹೀಗೆ ಕಠ್ಮಂಡುವಿನ ಅರಮನೆಗಳ ಹಿಂದೆ ಇರುವುದು ಕನ್ನಡ ನಾಡಿನ ರಕ್ತವೇ.’ ಅದರ ಪಕ್ಕದಲ್ಲಿ ನನ್ನ ಗೈಡು ಬರೆದದ್ದು ಎರಡೇ ಸಾಲು. ‘ಹೇಳಿಕೊಂಡರು ಸರಿ. ಯಾಕೆ ಹೇಳಿಕೊಂಡರು?’

ಮೊದಲು ಹೋದದ್ದು ಕಠ್ಮಂಡುವಿನ ಹನುಮಾನ್ ಢೋಕಾ ಅರಮನೆ ಚೌಕಕ್ಕೆ. ಟಿಕೆಟ್ ಕೊಡುವಲ್ಲಿ ವಿದೇಶಿಯರಿಗೊಂದು ದರ, ಸಾರ್ಕ್ ದೇಶದವರಿಗೆ ಅದಕ್ಕಿಂತ ಕಡಿಮೆ ದರ. ಸ್ಪೇನಿನ ಹುಡುಗಿಯರು ನಮ್ಮನ್ನು ನೋಡಿ ನಕ್ಕರು. ದಾಯಿ ನಮ್ಮನ್ನು ನೇರವಾಗಿ ಕಾಷ್ಠಮಂಡಪದ ಮುಂದೆ ನಿಲ್ಲಿಸಿದರು. ಮೂರು ಅಂತಸ್ತಿನ ಮರದ ಮಂಟಪ. ಊರಿಗೆ ಕಠ್ಮಂಡು ಎಂಬ ಹೆಸರು ಬಂದದ್ದೇ ಇದರಿಂದ ಎನ್ನುತ್ತಾರೆ. ಒಂದೇ ಮರದಿಂದ ಕಟ್ಟಿದ್ದು ಎಂಬ ಐತಿಹ್ಯವೂ ಉಂಟು.

‘ಇದು ಎಷ್ಟು ಹಳೇದು?’ ಎಂದು ಪುಣೆಯವರು ಕೇಳಿದರು.

‘ಕಟ್ಟಿ ಮುಗಿದದ್ದು 2022ರಲ್ಲಿ,’ ಅಂದರು ದಾಯಿ.

ಆ ಯಜಮಾನರ ಮುಖ ಸಣ್ಣಗಾಯಿತು. ಫೋಟೊಗೆಂದು ಎತ್ತಿದ್ದ ಫೋನು ಅರ್ಧಕ್ಕೇ ನಿಂತಿತು. ದಾಯಿಗೆ ಇದೆಲ್ಲ ಅಭ್ಯಾಸವಾಗಿತ್ತೆಂದು ಕಾಣುತ್ತದೆ, ಸಾವಕಾಶವಾಗಿ ಹೇಳತೊಡಗಿದರು. 2015ರ ಏಪ್ರಿಲ್ 25, ಶನಿವಾರ, ನೇಪಾಳದಲ್ಲಿ ವಾರದ ರಜೆ. ಮಧ್ಯಾಹ್ನ ಹನ್ನೆರಡಾಗಲು ಇನ್ನು ನಾಲ್ಕು ನಿಮಿಷ. ಕಾಷ್ಠಮಂಡಪದೊಳಗೆ ರಕ್ತದಾನ ಶಿಬಿರ ನಡೆಯುತ್ತಿತ್ತು. ಭೂಮಿ ಅಲ್ಲಾಡಿತು, ಮಂಟಪ ಪೂರ್ತಿ ಕುಸಿಯಿತು. ರಕ್ತ ಕೊಡಲು ಬಂದವರು, ತೆಗೆದುಕೊಳ್ಳಲು ಬಂದವರು ಅದರಡಿಯಲ್ಲಿ ಸಿಕ್ಕಿಕೊಂಡರು. ದೇಶದಲ್ಲಿ ಒಟ್ಟು ಸುಮಾರು ಒಂಬತ್ತು ಸಾವಿರ ಜನ ತೀರಿಕೊಂಡರು.

ಆಮೇಲೆ ಪುರಾತತ್ವದವರು ಅಡಿಪಾಯ ಅಗೆದರು. ಹನ್ನೆರಡನೇ ಶತಮಾನದ್ದು ಎಂದು ಎಲ್ಲರೂ ನಂಬಿದ್ದ ಕಟ್ಟಡದ ಬುಡ ಏಳನೇ ಶತಮಾನದ್ದೆಂದು ತಿಳಿಯಿತು. ಇನ್ನೊಂದು ಸಂಗತಿಯೂ ಹೊರಬಂತು. ಇಡೀ ಮಂಟಪವನ್ನು ಹೊರುವ ನಾಲ್ಕು ದೊಡ್ಡ ಕಂಬಗಳಲ್ಲಿ ಒಂದು ತನ್ನ ಬುಡದ ಕಲ್ಲಿನ ಮೇಲೆ ಸರಿಯಾಗಿ ಕೂತೇ ಇರಲಿಲ್ಲ. ‘ಹಿಂದೆ ಯಾವಾಗಲೋ ರಿಪೇರಿ ಮಾಡಿದವರು ಮೇಲೆ ಚಂದ ಮಾಡಿ, ನೆಲ ಹಾಸಿ ಮುಚ್ಚಿಬಿಟ್ಟಿದ್ದರು. ಕೆಳಗೆ ಬಗ್ಗಿ ನೋಡುವವರು ಇರಲಿಲ್ಲ ದೀದಿ,’ ಅಂದರು ದಾಯಿ, ಯಾಕೋ ನನ್ನ ಕಡೆಗೇ ತಿರುಗಿ.

ಮತ್ತೆ ಕಟ್ಟುವಾಗ ಸಿಮೆಂಟು ಕಬ್ಬಿಣ ಬೇಡ, ಮರ ಮಣ್ಣು ಇಟ್ಟಿಗೆಯಲ್ಲೇ ಆಗಬೇಕು, ಗುತ್ತಿಗೆದಾರರ ಕೈಗೆ ಕೊಡಬಾರದು ಎಂದು ಊರಿನವರು ಪಟ್ಟು ಹಿಡಿದರಂತೆ. ನಾನು ಹತ್ತಿರ ಹೋಗಿ ಒಂದು ಕಂಬ ಮುಟ್ಟಿದೆ. ಸಾಲ್ ಮರದ ಬಣ್ಣ ಇನ್ನೂ ಎಳಸಾಗಿತ್ತು. ಅದರ ಬುಡದಲ್ಲಿ ಒಬ್ಬ ಮುದುಕಿ ಆಗಲೇ ಹೂ, ಅಕ್ಷತೆ, ಕುಂಕುಮ ಏರಿಸಿ ಹೋಗಿದ್ದಳು. ಅವಳ ಪಾಲಿಗೆ ಅದು ಹೊಸ ಕಂಬವಾಗಿರಲಿಲ್ಲ.

ಚೌಕದ ಆ ಬದಿಯಲ್ಲಿ, ಎತ್ತರದ ಜಗಲಿಗಳ ಮೇಲೆ ತಲೇಜು ದೇವಾಲಯ. 1564ರಲ್ಲಿ ಮಹೇಂದ್ರ ಮಲ್ಲ ಕಟ್ಟಿಸಿದ್ದು. ಜನರಿಗೆ ಒಳಗೆ ಬಿಡುವುದು ವರ್ಷಕ್ಕೆ ಒಂದೇ ದಿನ, ದಸರೆಯ ನವಮಿಯಂದು. ನಾನು ಕಾಯುತ್ತಿದ್ದುದು ಇದನ್ನೇ. ಯಾಕೆಂದರೆ ಮಲ್ಲರ ಕುಲದೇವತೆಯಾದ ತಲೇಜುವನ್ನು ಈ ಕಣಿವೆಗೆ ತಂದದ್ದು ಕರ್ಣಾಟ ವಂಶದ ಕೊನೆಯ ಅರಸ ಹರಿಸಿಂಹದೇವ ಎನ್ನುವುದು ಇಲ್ಲಿನ ಐತಿಹ್ಯ. ನಾನು ಎಲ್ಲರೆದುರು ದಾಯಿಗೆ ಅದನ್ನು ಹೇಳಿದೆ. ಹೇಳುವಾಗ ನನ್ನ ದನಿ ಸ್ವಲ್ಪ ಏರಿತ್ತು ಎಂದು ಈಗ ಅನ್ನಿಸುತ್ತದೆ. ‘ಅಂದರೆ ನಿಮ್ಮ ದೇವಿ ನಮ್ಮ ಕಡೆಯಿಂದ ಬಂದವಳು!’

ದಾಯಿ ಸಿಟ್ಟಾಗಲಿಲ್ಲ. ‘ಹಾಂ, ದಕ್ಷಿಣದಿಂದ ಬಂದವಳು ಅಂತ ನಮ್ಮಜ್ಜಿಯೂ ಹೇಳ್ತಿದ್ದಳು,’ ಅಂದರು. ಆಮೇಲೆ ನಿಜವಾದ ಕುತೂಹಲದಿಂದ ಕೇಳಿದರು: ‘ನಿಮ್ಮೂರಲ್ಲಿ ತಲೇಜುವಿನ ಪೂಜೆ ಹೇಗೆ ಮಾಡ್ತೀರಿ ದೀದಿ?’

ನಮ್ಮೂರಲ್ಲಿ ತಲೇಜು ಇಲ್ಲ. ಆ ಹೆಸರನ್ನು ನಾನು ಮೊದಲು ಕಂಡದ್ದು ಲೈಬ್ರರಿಯಲ್ಲಿ. ಹಾಗೆಂದು ಹೇಳಿದೆ. ‘ಓ,’ ಅಂದರು ದಾಯಿ. ಅಷ್ಟೇ. ಬಂಗಾಳಿ ಮೇಷ್ಟರು ಕೆಮ್ಮಿದರು.

ಪಾಟನ್‌ಗೆ ಹೋಗುವ ದಾರಿಯಲ್ಲಿ ಕರಡನ್ನು ತೆಗೆದು ಓದಿದೆ. ನಿಜ ಹೇಳಬೇಕೆಂದರೆ ಈ ಕಥೆಯ ಒಳಗು ನನಗೆ ಗೊತ್ತಿಲ್ಲದ್ದೇನಲ್ಲ. 1324ರ ಸುಮಾರಿಗೆ ಘಿಯಾಸುದ್ದೀನ್ ತುಘಲಕನ ಸೈನ್ಯ ಸಿಮ್ರೌನ್‌ಗಢವನ್ನು ಹಾಳುಮಾಡಿದಾಗ ಹರಿಸಿಂಹದೇವ ಬೆಟ್ಟದ ಕಡೆಗೆ ಓಡಿದ. ಅವನು ಕಣಿವೆಯನ್ನು ಗೆದ್ದು ಆಳಿದ ಎಂದು ಆಮೇಲಿನ ವಂಶಾವಳಿಗಳು ಹೇಳುತ್ತವೆ. ಅವುಗಳಿಗಿಂತ ಹಳೆಯದಾದ ಗೋಪಾಲರಾಜ ವಂಶಾವಳಿಯ ಪ್ರಕಾರ ಅವನು ಕಣಿವೆ ಮುಟ್ಟಲೇ ಇಲ್ಲ, ದಾರಿಯಲ್ಲೇ ಸತ್ತ. ಭಕ್ತಪುರಕ್ಕೆ ಬಂದು ಸೇರಿದ್ದು ಅವನ ಹೆಂಡತಿ ದೇವಲದೇವಿ ಮತ್ತು ಉಳಿದವರು. ಅವರ ಮೊಮ್ಮಗಳು ರಾಜಲ್ಲದೇವಿಯನ್ನು ಜಯಸ್ಥಿತಿ ಮಲ್ಲ ಮದುವೆಯಾದ. ಮುಂದಿನ ಮಲ್ಲರೆಲ್ಲ ಇವರ ಸಂತಾನ.

ಅಂದರೆ ನಾನು ಹುಡುಕುತ್ತಿದ್ದ ಆ ‘ರಕ್ತ’ ಬಂದದ್ದು ಒಬ್ಬ ನಿರಾಶ್ರಿತ ಅಜ್ಜಿ ಮತ್ತು ಅವಳು ಸಾಕಿದ ಮೊಮ್ಮಗಳ ದಾರಿಯಲ್ಲಿ. ಮೂರು ಶತಮಾನ ಕಳೆದ ಮೇಲೆ, ಕಠ್ಮಂಡುವಿನ ಪ್ರತಾಪ ಮಲ್ಲನಂಥ ಅರಸರು ಶಾಸನ ಬರೆಸುವಾಗ ನಾನ್ಯದೇವನಿಂದ ನೇರ ಗೆರೆ ಎಳೆದರು. ಆ ಹೊತ್ತಿಗೆ ಯಕ್ಷ ಮಲ್ಲನ ರಾಜ್ಯ ಅವನ ಮಕ್ಕಳ ಪಾಲಾಗಿ ಪುಟ್ಟ ಕಣಿವೆಯೊಳಗೆ ಕಠ್ಮಂಡು, ಪಾಟನ್, ಭಕ್ತಪುರ ಎಂದು ಮೂರು ರಾಜ್ಯಗಳಾಗಿದ್ದವು. ಮೂವರೂ ದಾಯಾದಿಗಳು, ಮೂವರಿಗೂ ಅರಮನೆ, ಚೌಕ, ತಲೇಜು. ಪಕ್ಕದ ಊರಿನ ದಾಯಾದಿಗಿಂತ ತಾನು ಒಂದು ಕೈ ಮೇಲು ಎಂದು ತೋರಿಸಲು ದೂರದ, ಹಳೆಯ, ಯಾರೂ ಪರೀಕ್ಷೆ ಮಾಡಲಾಗದ ಮೂಲವೊಂದು ಬೇಕಿತ್ತು. ‘ಯಾಕೆ ಹೇಳಿಕೊಂಡರು?’ ಎಂಬ ಕೆಂಪು ಅಕ್ಷರದ ಕೆಳಗೆ ವ್ಯಾನಿನ ಕುಲುಕಾಟದಲ್ಲೇ ಇಷ್ಟನ್ನು ಗೀಚಿದೆ. ಐದು ವರ್ಷದಲ್ಲಿ ಬರೆಯಲಾಗದ್ದು ಬಂತಲ್ಲ ಎಂದು ಖುಷಿಪಡಬೇಕಿತ್ತು. ಆದರೆ ಮನಸ್ಸು ಫೋನಿನಲ್ಲಿದ್ದ ನನ್ನ ಎರಡು ವಾಕ್ಯದ ಕಡೆ ಹೋಯಿತು.

ಪಾಟನ್ ಚೌಕದಲ್ಲಿ ಎಲ್ಲರ ಕಣ್ಣೂ ಮೊದಲು ಹೋಗುವುದು ಕಲ್ಲಿನ ಕೃಷ್ಣ ಮಂದಿರಕ್ಕೆ. ಸಿದ್ಧಿನರಸಿಂಹ ಮಲ್ಲ 1637ರಲ್ಲಿ ಮುಗಿಸಿದ್ದು. ಇಪ್ಪತ್ತೊಂದು ಶಿಖರ, ಕಂಬಸಾಲಿನ ಮೇಲೆ ಮಹಾಭಾರತ, ಅದರ ಮೇಲಿನ ಅಂತಸ್ತಿನಲ್ಲಿ ರಾಮಾಯಣ, ಕೆತ್ತನೆಗಳ ಅಡಿಯಲ್ಲಿ ನೇವಾರಿಯಲ್ಲಿ ಬರೆದ ಪುಟ್ಟ ವಿವರಣೆಗಳು. ಭೂಕಂಪಕ್ಕೆ ಅದು ಜಗ್ಗಲಿಲ್ಲ. ಆದರೆ ನಾನು ಹೆಚ್ಚು ಹೊತ್ತು ನಿಂತದ್ದು ಅದರಾಚೆ, ಬಿದ್ದು ಮತ್ತೆ ಎದ್ದಿರುವ ಚಾರ್ ನಾರಾಯಣ ಮತ್ತು ಹರಿಶಂಕರ ದೇವಾಲಯಗಳ ಮುಂದೆ. ಅವು ಬಿದ್ದ ದಿನ ಊರಿನವರು, ಸೈನಿಕರು, ಪೊಲೀಸರು ಸಾಲಾಗಿ ನಿಂತು ಕೆತ್ತನೆಯ ತುಂಡುಗಳನ್ನು ಕೈಯಿಂದ ಕೈಗೆ ದಾಟಿಸಿ ಮ್ಯೂಸಿಯಮ್ಮಿನ ಅಂಗಳಕ್ಕೆ ಒಯ್ದರು. ಕಳ್ಳರ ಪಾಲಾಗಬಾರದು, ಸೌದೆಯಾಗಬಾರದು ಎಂದು. ಆಮೇಲೆ ವರ್ಷಗಟ್ಟಲೆ ಕೂತು ಯಾವ ತುಂಡು ಎಲ್ಲಿಯದು ಎಂದು ಗುರುತಿಸಿ ಜೋಡಿಸಿದರು. ಮಾಡಿನ ಅಂಚನ್ನು ಹೊರುವ ಓರೆ ತೊಲೆಗಳನ್ನು ಇಲ್ಲಿ ಟುಂಡಾಲ್ ಎನ್ನುತ್ತಾರೆ. ಒಂದೊಂದರಲ್ಲೂ ಒಬ್ಬೊಬ್ಬ ದೇವರು. ಮುರಿದು ಹೋದ ಕಡೆ ಹೊಸ ಮರ ಬೆಸೆದಿದ್ದಾರೆ. ಹಳೆಯದು ಕಪ್ಪು, ಹೊಸದು ಕಂದು, ನಡುವೆ ಕೂದಲೆಳೆಯಷ್ಟು ಗೆರೆ. ಗೆರೆಯನ್ನು ಮುಚ್ಚುವ ಪ್ರಯತ್ನ ಮಾಡಿಲ್ಲ.

ನನಗೆ ಜಗುಲಿಯ ಕಂಬ ನೆನಪಾಯಿತು. ಹಲಸಿನ ಮರದ್ದು, ನಡುವೆ ತಾವರೆ, ಕೆಳಗೆ ಬಳ್ಳಿ. ಅಜ್ಜಿ ಒರಗಿ ಕೂತು ಎಲೆ ಮಡಿಸುತ್ತಿದ್ದ ಕಂಬದ ಒಂದು ಬದಿ ನುಣ್ಣಗಾಗಿತ್ತು. ಈ ಚೌಕದಲ್ಲೂ ಕಂಬಕ್ಕೊರಗಿ ಮುದುಕರು ಬಿಸಿಲು ಕಾಯಿಸುತ್ತಿದ್ದರು. ದಾರಿಹೋಕರಿಗೆಂದೇ ಕಟ್ಟಿದ ಇಂಥ ಜಗಲಿಗಳಿಗೆ ಇಲ್ಲಿ ಪಾಟಿ ಎನ್ನುತ್ತಾರೆ.

ಈ ಹೋಲಿಕೆ ನನ್ನೊಬ್ಬಳಿಗೇ ಕಂಡದ್ದಲ್ಲ. ಮೂಡುಬಿದಿರೆಯ ಬಸದಿಗಳ ಇಳಿಜಾರು ಮಾಡುಗಳನ್ನು ನೋಡಿ ಹತ್ತೊಂಬತ್ತನೇ ಶತಮಾನದಲ್ಲಿ ಜೇಮ್ಸ್ ಫರ್ಗ್ಯುಸನ್ ನೇಪಾಳವನ್ನು ನೆನೆದಿದ್ದರು. ಅದನ್ನೂ ಕರಡಿನಲ್ಲಿ ಸಾಕ್ಷಿಯೆಂದು ಸೇರಿಸಿದ್ದೆ. ಅಲ್ಲೂ ಕೆಂಪು ಅಕ್ಷರ ಇತ್ತು: ‘ಎರಡೂ ಕಡೆ ಮಳೆ ಬರುತ್ತದೆ.’

ಮಧ್ಯಾಹ್ನ ಭಕ್ತಪುರ. ಐದು ಮಾಡಿನ ನ್ಯಾತಪೋಲ ದೇವಾಲಯವನ್ನು ಭೂಪತೀಂದ್ರ ಮಲ್ಲ ಕಟ್ಟಿಸಿದ್ದು 1702ರಲ್ಲಿ. ಮೆಟ್ಟಿಲಿನ ಇಕ್ಕೆಲದಲ್ಲಿ ಕೆಳಗಿನಿಂದ ಮೇಲಕ್ಕೆ ಇಬ್ಬರು ಜಟ್ಟಿಗಳು, ಆನೆಗಳು, ಸಿಂಹಗಳು, ರೆಕ್ಕೆಯ ಸಿಂಹಗಳು, ಕೊನೆಗೆ ಹುಲಿಮುಖದ ಮತ್ತು ಸಿಂಹಮುಖದ ದೇವಿಯರು. ಜಟ್ಟಿಗಳಿಗೆ ಸಾಮಾನ್ಯ ಮನುಷ್ಯನ ಹತ್ತು ಪಟ್ಟು ಬಲ, ಅವರ ಹತ್ತು ಪಟ್ಟು ಆನೆಗೆ, ಹೀಗೆ ಮೇಲೇರುತ್ತ ಹೋಗುತ್ತದೆ ಎಂಬ ಲೆಕ್ಕ. 1934ರ ಭೂಕಂಪವನ್ನೂ 2015ರದ್ದನ್ನೂ ಕಂಡು ನಿಂತ ದೇವಾಲಯ.

‘ಈ ದೇವಾಲಯ ಉಳಿಯಿತು, ನಮ್ಮ ಮನೆ ಹೋಯಿತು,’ ಅಂದರು ದಾಯಿ. ಊಟದ ನಂತರ ಮಣ್ಣಿನ ಬಟ್ಟಲಲ್ಲಿ ಜುಜು ಧೌ ತಿನ್ನುತ್ತ ಕೂತಿದ್ದೆವು. ಗಟ್ಟಿ, ಸಿಹಿ ಮೊಸರು. ಹೆಸರಿನ ಅರ್ಥವೇ ‘ಮೊಸರಿನ ರಾಜ’. ಅವರ ಮನೆ ಎರಡು ಗಲ್ಲಿ ಆಚೆಯಂತೆ. ಈಗ ಸಿಮೆಂಟಿನದು. ‘ದೇವಸ್ಥಾನ ಮರದಲ್ಲಿ ಕಟ್ಟಬೇಕು ಅಂತ ಗಲಾಟೆ ಮಾಡಿದವರಲ್ಲಿ ನಾನೂ ಇದ್ದೆ. ನಮ್ಮ ಮನೆಗೆ ಮಾತ್ರ ಸಿಮೆಂಟೇ ಹಾಕಿಸಿದೆ. ದುಡ್ಡೆಲ್ಲಿತ್ತು? ಹಳೇ ಕಿಟಕಿ ಒಂದನ್ನು ಹೊಸ ಗೋಡೆಗೆ ಕೂರಿಸಿದೆ. ಉಳಿದದ್ದು ಮಾರಿದೆ.’

‘ಬೇಜಾರಾಗಲಿಲ್ಲವಾ?’

‘ಆಯಿತು. ಆದರೆ ಮಾರಿದ್ದಕ್ಕಲ್ಲ. ಬೀಳುವುದಕ್ಕೆ ಹತ್ತು ವರ್ಷ ಮೊದಲೇ ಮಾಡು ಸೋರುತ್ತಿತ್ತು. ನಾನು ಊರೆಲ್ಲ ಸುತ್ತಿ ವಿದೇಶಿಯರಿಗೆ ಮರದ ಕೆತ್ತನೆ ತೋರಿಸುತ್ತಿದ್ದೆ. ನಮ್ಮ ಮಾಡು ಹತ್ತಿ ನೋಡಿರಲಿಲ್ಲ.’

ಆಮೇಲೆ ಗುಥಿಯ ಬಗ್ಗೆ ಹೇಳಿದರು. ಪ್ರತಿ ದೇವಾಲಯಕ್ಕೂ, ಜಾತ್ರೆಗೂ, ಸಾವಿಗೂ ಒಂದೊಂದು ಗುಥಿ. ಹಿಂದೆ ಅವಕ್ಕೆ ದಾನದ ಜಮೀನು ಇತ್ತು, ಅದರ ಹುಟ್ಟುವಳಿಯಲ್ಲಿ ದೀಪದ ಎಣ್ಣೆ, ಮಾಡಿನ ರಿಪೇರಿ, ರಥದ ಹಗ್ಗ ನಡೆಯುತ್ತಿತ್ತು. 1964ರಲ್ಲಿ ಸರ್ಕಾರಿ ಗುಥಿ ಸಂಸ್ಥಾನ ಬಂದಮೇಲೆ ಬಹಳಷ್ಟು ಜಮೀನು ಅದರ ಕೈಗೆ ಹೋಯಿತು. 2019ರಲ್ಲಿ ಉಳಿದ ಗುಥಿಗಳನ್ನೂ ಮುಟ್ಟುವ ಮಸೂದೆ ಬಂದಾಗ ಸಾವಿರಾರು ಜನ ಬೀದಿಗಿಳಿದರು, ಸರ್ಕಾರ ಅದನ್ನು ವಾಪಸು ಪಡೆಯಿತು. ದಾಯಿಯ ಗುಥಿಯಲ್ಲಿ ಸರದಿ ಇದೆ. ಸರದಿ ಬಂದವನು ಆ ವರ್ಷ ಪೂಜೆ, ಊಟ, ಖರ್ಚು ಎಲ್ಲ ನೋಡಿಕೊಳ್ಳಬೇಕು. ‘ತಪ್ಪಿಸಿಕೊಂಡರೆ?’ ಎಂದೆ. ‘ತಪ್ಪಿಸಿಕೊಂಡರೆ ನೀನು ಗುಥಿಯವನಲ್ಲ. ನಿನ್ನಪ್ಪ ಯಾರಾದರೆ ಏನು?’ ಅಂದರು.

ಸಂಜೆ ವಾಪಸು ಬರುವಾಗ ಪಶುಪತಿನಾಥ. ಅನ್ಯಧರ್ಮದವರಿಗೆ ಒಳಗೆ ಪ್ರವೇಶವಿಲ್ಲದ್ದರಿಂದ ಸ್ಪೇನಿನ ಹುಡುಗಿಯರನ್ನು ದಾಯಿ ನದಿಯ ಆಚೆ ದಡಕ್ಕೆ ಕರೆದೊಯ್ದರು. ಪಶ್ಚಿಮದ ಬಾಗಿಲಲ್ಲಿ ದೊಡ್ಡ ನಂದಿ, ಅದರಾಚೆ ಚಿನ್ನದ ಲೇಪದ ಎರಡು ಮಾಡು, ಗರ್ಭಗುಡಿಯಲ್ಲಿ ನಾಲ್ಕು ದಿಕ್ಕಿಗೆ ಮುಖ ಮಾಡಿದ ಲಿಂಗ. ಇಲ್ಲಿ ಪೂಜೆ ಮಾಡುವ ಭಟ್ಟರು ದಕ್ಷಿಣದಿಂದ, ಹೆಚ್ಚಿನವರು ಕರ್ನಾಟಕದಿಂದ ಹೋದವರು. ಈ ಪದ್ಧತಿಯನ್ನು ಶಂಕರಾಚಾರ್ಯರ ಹೆಸರಿಗೆ ಜೋಡಿಸುವವರಿದ್ದಾರೆ. ದೊರೆ ಸತ್ತರೆ ಇಡೀ ದೇಶಕ್ಕೇ ಸೂತಕ, ಹೊರಗಿನವರಾದರೆ ಪೂಜೆ ನಿಲ್ಲುವುದಿಲ್ಲ ಎನ್ನುವ ವಿವರಣೆಯೂ ಇದೆ. ಆದರೆ ಅವರ ಜೊತೆ ಭಂಡಾರಿಗಳೆಂಬ ಸ್ಥಳೀಯರ ಬಳಗ ಇಲ್ಲದೆ ಇಲ್ಲಿ ಪೂಜೆಯ ಕೆಲಸ ಸಾಗುವುದಿಲ್ಲ.

ನಾನು ಒಂದು ಕನ್ನಡ ವಾಕ್ಯ ತಯಾರಿ ಮಾಡಿಕೊಂಡು ಹೋಗಿದ್ದೆ. ‘ನಮಸ್ಕಾರ ಭಟ್ರೇ, ನಾನು ತೀರ್ಥಹಳ್ಳಿ ಕಡೆಯವಳು.’ ಸಾಲು ಸರಿಯಿತು, ಕೇಸರಿ ಬಣ್ಣದ ನಿಲುವಂಗಿಯ ಅರ್ಚಕರು ಕಂಡರು, ಕೈಯಲ್ಲಿ ತೀರ್ಥದ ಪಾತ್ರೆ. ನನ್ನ ಹಿಂದೆ ಒಬ್ಬಾಕೆ ಅಳುತ್ತಿದ್ದಳು. ಅವಳ ಮನೆಯವರನ್ನು ಕೆಳಗೆ ಆರ್ಯಘಾಟಿಗೆ ತಂದಿದ್ದರೆಂದು ಆಮೇಲೆ ತಿಳಿಯಿತು. ಆ ಅರ್ಚಕರು ಅವಳಿಗೆ ನೇಪಾಳಿಯಲ್ಲಿ ಏನೋ ಮೆಲ್ಲಗೆ ಹೇಳಿದರು. ಅವಳು ತಲೆಯಾಡಿಸಿದಳು. ನಾನು ಕೈ ಒಡ್ಡಿ ತೀರ್ಥ ತೆಗೆದುಕೊಂಡು ಬಂದೆ. ನನ್ನ ವಾಕ್ಯಕ್ಕೆ ಅಲ್ಲಿ ಕೆಲಸ ಇರಲಿಲ್ಲ.

ಬಾಗ್ಮತಿಯ ದಡದಲ್ಲಿ ಕೂತೆ. ಎದುರಿಗೆ ಚಿತೆಗಳು, ಈಚೆ ಆರತಿಗೆ ಸಿದ್ಧತೆ. ಪಕ್ಕದ ಚಹಾದಂಗಡಿಯವನ ವೈಫೈ ಕೇಳಿ ಪಡೆದು ಅಣ್ಣನಿಗೆ ಕರೆ ಮಾಡಿದೆ. ಫೋನಿನಲ್ಲಿ ‘ಬೇಡ. ಅದು ನಮ್ಮ ಮನೆ’ ಹಾಗೇ ಇತ್ತು. ಅಳಿಸಿದೆ.

‘ಏನೇ, ಏನಂತೀಯ?’ ಅಂದ ಅಣ್ಣ.

‘ಅಣ್ಣ, ಮನೆಗೆ ಹೋದ್ಸಲ ಹೆಂಚು ಬದಲಿಸಿದ್ದು ಯಾವಾಗ?’

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ‘ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಹೋಗಿ ಮಾಡಿಸ್ತೀನಲ್ಲೇ. ಯಾರು ಮಾಡಿಸ್ತಾರೆ ಅಂದ್ಕೊಂಡಿದ್ದೆ?’

ಯಾರೂ ಅಂತ ಅಂದುಕೊಂಡಿರಲಿಲ್ಲ. ಅದೇ ವಿಷಯ. ಬೆಂಗಳೂರಿಂದ ರಜೆ ಹಾಕಿ, ಆಳು ಹುಡುಕಿ, ಒಡೆದ ಹೆಂಚು ಬದಲಿಸಿ, ಒರಲೆಗೆ ಔಷಧಿ ಹೊಡೆಸಿ ಬರುತ್ತಿದ್ದವನು ಅವನು. ನಾಲ್ಕು ವರ್ಷದಿಂದ ನಾನು ಆ ಮನೆಗೆ ಹೋಗಿಯೇ ಇಲ್ಲ. ಕಾನೂನಿನಲ್ಲಿ ನನಗೂ ಪಾಲಿದೆ, ಆದ್ದರಿಂದಲೇ ನನ್ನನ್ನು ಕೇಳುತ್ತಿದ್ದಾನೆ. ಸ್ನೇಹಿತರಿಗೆ ಆ ಕಂಬಗಳ ಫೋಟೊ ತೋರಿಸಿ ‘ನಮ್ಮ ಮನೆ’ ಅನ್ನುವಾಗ ಮಾತ್ರ ನಾನು ಮುಂದೆ.

‘ಎಡಗಡೆ ಮೂರನೇ ಕಂಬದ ಬುಡ ಟೊಳ್ಳಾಗಿದೆ,’ ಅಂದ ಅಣ್ಣ. ‘ಅಜ್ಜಿ ಒರಗ್ತಿದ್ದಳಲ್ಲ, ಅದು. ವ್ಯಾಪಾರಿಗೆ ಹೇಳಿಲ್ಲ ಇನ್ನೂ.’

‘ಮಾರಬೇಡ ಅಂತ ಹೇಳೋ ಹಕ್ಕು ನಂಗಿಲ್ಲ ಅಣ್ಣ. ಆದ್ರೆ ಯುಗಾದಿವರೆಗೆ ತಡಿ. ಈ ಸಲ ನಾನೂ ಬರ್ತೀನಿ. ಬುಡ ನೋಡೋಣ. ಖರ್ಚಲ್ಲಿ ಅರ್ಧ ನಂದು.’

‘ನಿಂಗೆ ಫೆಲೋಶಿಪ್ ಬಂದು ಎಷ್ಟು ತಿಂಗಳಾಯ್ತು?’ ಎಂದು ನಕ್ಕ.

ಅದು ಬಂದಿರಲಿಲ್ಲ. ಆದರೂ ಅವನು ಹೂಂ ಅಂದ. ಮಾರುವುದೋ ಬಿಡುವುದೋ ಆಗಲೂ ತೀರ್ಮಾನವಾಗಲಿಲ್ಲ, ಇದನ್ನು ಬರೆಯುವ ಹೊತ್ತಿಗೂ ಆಗಿಲ್ಲ.

ಆಚೆ ದಡದಿಂದ ಸ್ಪೇನಿನ ಹುಡುಗಿಯರು ಕೈ ಬೀಸಿದರು. ದಾಯಿ ವ್ಯಾನಿನ ಕಡೆ ತೋರಿಸುತ್ತಿದ್ದರು. ಅಲ್ಲಿ ಕೂತು ಮೂರನೇ ಅಧ್ಯಾಯದ ‘ಕನ್ನಡ ನಾಡಿನ ರಕ್ತವೇ’ ಎಂಬ ವಾಕ್ಯವನ್ನು ಹೊಡೆದು ಹಾಕಿದೆ. ಆ ಜಾಗದಲ್ಲಿ ರಾಜಲ್ಲದೇವಿಯ ಹೆಸರು ಬರೆದೆ. ಇಬ್ಬರು ಗೈಡುಗಳಲ್ಲಿ ಒಬ್ಬರಿಗೆ ಅದನ್ನು ತೋರಿಸಿದ್ದೇನೆ. ಅಂಚಿನಲ್ಲಿ ಈ ಸಲ ಒಂದು ಕೆಂಪು ಟಿಕ್ಕು ಮಾತ್ರ ಇದೆ.